ಗಂಜಿಯಂಥ ನೀರು ನುಗ್ಗಿಸಿ ನೆಲದಡಿಯ ಎಣ್ಣೆ ತೆಗೆಯುವುದು ಹೇಗೆ?

ನೆಲದಡಿ ಕಚ್ಚಾ ಎಣ್ಣೆಯ ಕೆರೆ ಇರುತ್ತದೆ, ಪೈಪ್ ಇಳಿಸಿ ಹೀರಿದರೆ ಮುಗೀತು ಎಂದುಕೊಂಡವರೇ ಜಾಸ್ತಿ. ಹಾಗಿಲ್ಲ. ಇಡ್ಲಿ ಸಾಂಬಾರು ಹೀರಿಕೊಂಡ ಹಾಗೆ, ಎಣ್ಣೆ ಇರುವುದು ಮರಳುಗಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ. ಮೊದಮೊದಲು ಒಳಗಿನ ಒತ್ತಡಕ್ಕೆ ಅದೇ ಮೇಲೆ ಬರುತ್ತದೆ. ಆಮೇಲೆ ಪಕ್ಕದ ಬಾವಿಗಳಿಂದ ನೀರು ನುಗ್ಗಿಸಿ ತಳ್ಳುತ್ತಾರೆ. ಅಷ್ಟಾದರೂ ಎಷ್ಟೋ ಕಡೆ ಅರ್ಧಕ್ಕಿಂತ ಹೆಚ್ಚು ಎಣ್ಣೆ ಕಲ್ಲಿನಲ್ಲೇ ಉಳಿಯುತ್ತದೆ.

ಕಾರಣ ಸರಳ. ನೀರು ತೆಳು, ಎಣ್ಣೆ ಮಂದ. ನೀರು ಎಣ್ಣೆಯನ್ನು ತಳ್ಳುವುದು ಬಿಟ್ಟು ಸಂದಿಯಲ್ಲಿ ನುಸುಳಿ ಮುಂದೆ ಓಡುತ್ತದೆ. ರಾಜಸ್ಥಾನದ ಬಾಡಮೇರ್ ಬಳಿಯ ಮಂಗಳಾ ಎಣ್ಣೆ ನಿಕ್ಷೇಪದಲ್ಲೂ ಇದೇ ತಲೆನೋವು. 2004ರಲ್ಲಿ ಸಿಕ್ಕ ಇಲ್ಲಿನ ಎಣ್ಣೆಯಲ್ಲಿ ಮೇಣ ಎಷ್ಟಿದೆಯೆಂದರೆ, ಮೇಲೆ ಬಂದು ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಗುಜರಾತ್ ಕರಾವಳಿಯವರೆಗೂ ಪೈಪನ್ನು ಬಿಸಿ ಮಾಡಿಕೊಂಡೇ ಸಾಗಿಸಬೇಕು! 2014–15ರ ಹೊತ್ತಿಗೆ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಪಾಲಿಮರ್ (ಉದ್ದನೆಯ ಸರಪಳಿಯಂಥ ಅಣುಗಳಿರುವ ವಸ್ತು) ಬೆರೆಸಿದ ನೀರು ಬಿಡಲು ಶುರು ಮಾಡಿದರು. ಅಂದರೆ ನೀರನ್ನೇ ಗಂಜಿಯಂತೆ ಮಂದ ಮಾಡಿ ತಳ್ಳುವುದು.

ಮೊದಲು ಕಲ್ಲು, ನೀರು ನೋಡಿ. ಬಳಸುವುದು ಪಾಲಿಅಕ್ರಿಲಮೈಡ್ ಜಾತಿಯ ಪುಡಿ. ಇದರ ಉದ್ದನೆಯ ಸರಪಳಿಗಳು ನೀರಲ್ಲಿ ಬಿಚ್ಚಿಕೊಂಡರೆ ಮಾತ್ರ ನೀರು ಮಂದವಾಗುತ್ತದೆ. ಉಪ್ಪು, ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅವು ಮುದುಡಿಕೊಳ್ಳುತ್ತವೆ. ಮಂಗಳಾದ ಕಲ್ಲಿನ ಬಿಸಿ ಸುಮಾರು 65 ಡಿಗ್ರಿ. ಅಷ್ಟನ್ನು ಈ ಪುಡಿ ತಡೆಯುತ್ತದೆ.

ಪುಡಿ ಕದಡುವುದು. ನನ್ನ ಪ್ರಕಾರ ಇಡೀ ಕೆಲಸದ ಅಳಿವು ಉಳಿವು ಇಲ್ಲೇ. ಕುದಿಯುವ ನೀರಿಗೆ ರಾಗಿ ಹಿಟ್ಟು ಒಮ್ಮೆಲೇ ಸುರಿದು ನೋಡಿ. ಗಂಟು ಕಟ್ಟುತ್ತದೆ, ಮೇಲೆ ಅಂಟು, ಒಡೆದರೆ ಒಳಗೆ ಒಣ ಹಿಟ್ಟು. ಈ ಪುಡಿಯದ್ದೂ ಅದೇ ಬುದ್ಧಿ. ಎಣ್ಣೆ ಬಾವಿಯವರು ಆ ಗಂಟಿಗೆ ‘ಫಿಶ್ ಐ’, ಅಂದರೆ ಮೀನಿನ ಕಣ್ಣು ಎನ್ನುತ್ತಾರೆ. ಅದು ಬಾವಿಗೆ ಇಳಿದರೆ ಕಲ್ಲಿನ ತೂತು ಮುಚ್ಚಿಹೋಗುತ್ತದೆ. ಅದಕ್ಕೇ ಪುಡಿಯ ಕಣ ಕಣವೂ ನೆನೆಯುವಂತೆ ಸುರಿದು, ಟ್ಯಾಂಕಿನಲ್ಲಿ ನಿಧಾನ ತಿರುಗಿಸುತ್ತಾರೆ. ಜೋರಾಗಿ ಕಡೆದರೆ ಸರಪಳಿ ತುಂಡಾಗಿ ಗಂಜಿ ಮತ್ತೆ ನೀರಾಗುತ್ತದೆ. ಆಮ್ಲಜನಕ, ಕಬ್ಬಿಣ ಎರಡೂ ಸೇರಿದರೂ ಅಷ್ಟೇ.

ತೆಳು ಮಾಡಿ ಬಿಡುವುದು. ಈ ಗಟ್ಟಿ ಗಂಜಿಗೆ ಇನ್ನಷ್ಟು ನೀರು ಬೆರೆಸುತ್ತಾರೆ. ಕೊನೆಗೆ 1000 ಲೀಟರ್ ನೀರಿಗೆ ಸಾಮಾನ್ಯವಾಗಿ 1ರಿಂದ 2.5 ಕೆ.ಜಿ. ಪುಡಿ ಇರುತ್ತದೆ. ಇಷ್ಟೇನಾ ಅನ್ನಿಸಬಹುದು. ಆದರೆ ಹೀಗೆ ವರ್ಷಗಟ್ಟಲೆ ಬಿಡುತ್ತಲೇ ಇರಬೇಕು, ಆಮೇಲೆ ಹಿಂದಿನಿಂದ ಬರೀ ನೀರು ಬಿಟ್ಟು ತಳ್ಳಬೇಕು.

ಸೋಪು ಬೇಕಾದರೆ. ಗಂಜಿ ತಳ್ಳುತ್ತದೆ, ಜಿಡ್ಡು ಬಿಡಿಸುವುದಿಲ್ಲ. ಬಾಣಲೆಯ ಜಿಡ್ಡಿಗೆ ಸೋಪು ಹಾಕುತ್ತೀರಲ್ವಾ, ಹಾಗೆ ಸರ್ಫ್ಯಾಕ್ಟೆಂಟ್ ಸೇರಿಸಿದರೆ ಕಲ್ಲಿಗೆ ಸಿಕ್ಕಿಕೊಂಡ ಎಣ್ಣೆ ಹನಿ ಸಡಿಲವಾಗುತ್ತದೆ. ಅದು ದುಬಾರಿ. ಹಾಗಾಗಿ ಜೊತೆಗೆ ಕ್ಷಾರ ಹಾಕುತ್ತಾರೆ. ಎಣ್ಣೆಯಲ್ಲಿರುವ ಆಮ್ಲದ ಜೊತೆ ಸೇರಿ ಅದು ನೆಲದಡಿಯಲ್ಲೇ ಸೋಪು ಮಾಡಿಕೊಳ್ಳುತ್ತದೆ! 1996ರಿಂದ ದೊಡ್ಡ ಮಟ್ಟದಲ್ಲಿ ಪಾಲಿಮರ್ ಬಿಡುತ್ತಿರುವ ಚೀನಾದ ದಾಚಿಂಗ್ ಎಣ್ಣೆ ನಿಕ್ಷೇಪದಲ್ಲಿ ಇದನ್ನೂ ಮಾಡಿದ್ದಾರೆ. ಆದರೆ ಕ್ಷಾರದಿಂದ ಪಂಪಿನೊಳಗೆ, ನೀರು ಕಾಯಿಸುವ ಹಂಡೆಯಲ್ಲಿ ಕಟ್ಟುವಂಥ ಬಿಳಿ ಪೊರೆ ಕಟ್ಟಿ ಸತಾಯಿಸಿತು.

ಮೇಲೆ ಬಂದ ಮೇಲೆ. ಎಣ್ಣೆಯ ಜೊತೆ ಗಂಜಿ ನೀರೂ ವಾಪಸ್ ಬರುತ್ತದೆ. ಮಂದವಾದ್ದರಿಂದ ಎರಡೂ ಬೇಗ ಬೇರೆಯಾಗುವುದಿಲ್ಲ, ಬಿಸಿ ಮಾಡುವ ಕೊಳವೆಗಳಿಗೆ ಪಾಲಿಮರ್ ಅಂಟಿಕೊಳ್ಳುತ್ತದೆ. ಕಾಯಿಸಿ, ರಾಸಾಯನಿಕ ಹಾಕಿ ಬಿಡಿಸುತ್ತಾರೆ. ಆ ನೀರನ್ನು ಸುಮ್ನೆ ಚೆಲ್ಲುವ ಹಾಗಿಲ್ಲ. ಉಳಿದ ಎಣ್ಣೆ ತೆಗೆದು, ಸೋಸಿ, ಮತ್ತೆ ಬಾವಿಗೇ ಇಳಿಸುತ್ತಾರೆ.