ಆಂಪ್ಲಿಫೈಯರ್ ಕಟ್ಟುವಾಗ ಮೀಟರ್ ಹೇಳಿದ್ದು

ಕಿಟ್ ಜೊತೆ ಬಂದ ಚೀಟಿಯಲ್ಲಿ ಸಪ್ಲೈ 'ಪ್ಲಸ್ 16, ಮೈನಸ್ 16 ವೋಲ್ಟ್' ಅಂತ ಇತ್ತು. ನನ್ನ ಮೀಟರ್ ತೋರಿಸಿದ್ದು ಎರಡೂ ಕಡೆ 18.4. ಮೊದಲ ಸಲ ಕಟ್ಟುವವರು ಇಲ್ಲೇ ಗಾಬರಿಯಾಗುತ್ತಾರೆ, ಟ್ರಾನ್ಸ್‌ಫಾರ್ಮರ್ ವಾಪಸ್ ಕೊಡೋಕೆ ಹೊರಡುತ್ತಾರೆ. ನಾನು ಅದಕ್ಕೂ ಮುಂಚೆ ಮೀಟರಿನ ಬ್ಯಾಟರಿ ಬದಲಿಸಿದೆ. ಈ ಹಳದಿ ಬಣ್ಣದ ಅಗ್ಗದ ಮೀಟರುಗಳಲ್ಲಿ 9 ವೋಲ್ಟ್ ಬ್ಯಾಟರಿ ಇಳಿದರೆ ರೀಡಿಂಗ್ ಜಾಸ್ತಿ ತೋರಿಸುತ್ತದೆ. ಹೊಸ ಬ್ಯಾಟರಿ ಹಾಕಿದರೂ 18.4 ಹಾಗೇ ಇತ್ತು.

ನಾನು ಕಟ್ಟಿದ್ದು ಟಿಡಿಎ2030ಎ ಚಿಪ್‌ನ ಎರಡು ಚಾನೆಲ್ ಕಿಟ್. ಟ್ರಾನ್ಸ್‌ಫಾರ್ಮರ್ 12-0-12 (ನಡುವೆ ಸೊನ್ನೆ ತಂತಿ, ಅದರಿಂದ ಎರಡೂ ತುದಿಗೆ 12 ವೋಲ್ಟ್), 2 ಆಂಪಿಯರ್. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಸುತ್ತಾಡಿ ತಂದದ್ದು. ಅದರ ಮೇಲೆ ಬರೆದಿರುವ 12 ಅನ್ನೋದು ಪೂರ್ತಿ 2 ಆಂಪಿಯರ್ ಎಳೆದಾಗಿನ ಎಸಿ ಲೆಕ್ಕ. ಲೋಡ್ ಇಲ್ಲದಾಗ ನನ್ನದು 13.4 ಎಸಿ ಕೊಡುತ್ತಿತ್ತು. ಡಯೋಡ್ ದಾಟಿ ಕೆಪಾಸಿಟರ್ ತುಂಬುವುದು ಎಸಿಯ ತುದಿಯವರೆಗೆ, ಅಂದರೆ 1.414 ಪಟ್ಟು. 13.4ಕ್ಕೆ 18.9 ಆಯಿತು, ಡಯೋಡಿನಲ್ಲಿ ಅರ್ಧ ವೋಲ್ಟಿನಷ್ಟು ಕಳೆಯಿತು. ಉಳಿದದ್ದು 18.4. ಲೆಕ್ಕ ಸರಿ ಇದೆ ಅಲ್ವಾ? ಚೀಟಿಯ 16 ಲೋಡ್ ಬಿದ್ದಾಗಿನದು.

ಹಾಗಂತ ಸುಮ್ನೆ ಬಿಡುವಂತಿಲ್ಲ. 'ಎ' ಅಕ್ಷರ ಇಲ್ಲದ ಟಿಡಿಎ2030ಕ್ಕೆ ಮಿತಿ ಪ್ಲಸ್ ಮೈನಸ್ 18. 'ಎ' ಇದ್ದರೆ 22. ನಮ್ಮ ಓಣಿಯಲ್ಲಿ ಮಧ್ಯರಾತ್ರಿ ಎಲ್ಲರ ಕೂಲರ್, ಪಂಪ್ ನಿಂತ ಮೇಲೆ ಕರೆಂಟ್ 250 ವೋಲ್ಟಿನ ಹತ್ತಿರ ಹೋಗುತ್ತದೆ. ಆಗ ಇದೇ ಸಪ್ಲೈ 19 ದಾಟುತ್ತದೆ. ಆದ್ದರಿಂದ ಚಿಪ್ ಮೇಲೆ ಬರೆದದ್ದನ್ನು ಬೆಳಕಿಗೆ ಓರೆ ಹಿಡಿದು ಓದಿ, ಆಮೇಲೆ ಕೂರಿಸಿ. ಫಿಲ್ಟರ್ ಕೆಪಾಸಿಟರ್ ಕೂಡ 25 ವೋಲ್ಟಿನದೇ ಇರಲಿ. 16ರದ್ದು ಹಾಕಿದರೆ ಊದಿಕೊಳ್ಳುತ್ತದೆ.

ನಿಜವಾದ ತೊಂದರೆ ಶುರುವಾಗಿದ್ದು ಎಲ್ಲವನ್ನೂ ಹಲಗೆಗೆ ಸ್ಕ್ರೂ ಹಾಕಿ ಕೂರಿಸಿದ ಮೇಲೆ. ಸೀರೀಸ್ ಬಲ್ಬ್ ಮೂಲಕವೇ ಕರೆಂಟ್ ಕೊಟ್ಟೆ, ಶಾರ್ಟ್ ಇದ್ದರೆ ದಾರಿಯಲ್ಲಿ ಸೇರಿಸಿದ ಈ ಬಲ್ಬ್ ಉರಿಯುತ್ತಲೇ ಇದ್ದು ಕರೆಂಟ್ ತಡೆಯುತ್ತದೆ. 60 ವ್ಯಾಟ್ ಬಲ್ಬ್ ಒಂದು ಕ್ಷಣ ಬೆಳಗಿ ಆರಿತು. ಅಂದರೆ ಶಾರ್ಟ್ ಇಲ್ಲ. ಆದರೆ ಪ್ಲಸ್ ಕಡೆ 22.7, ಮೈನಸ್ ಕಡೆ 13.9. ನೋಡುತ್ತಿದ್ದಂತೆ ಅಂಕಿಗಳು ನಿಧಾನವಾಗಿ ಜಾರುತ್ತಲೂ ಇದ್ದವು.

ನಮ್ಮ ಓಣಿಯಲ್ಲಿ ಮೋಟರ್ ವೈಂಡಿಂಗ್ ಮಾಡುವ ಕಾಕಾ ಒಬ್ಬರಿದ್ದಾರೆ. ಆಂಪ್ಲಿಫೈಯರ್ ಗೀಂಪ್ಲಿಫೈಯರ್ ಅವರಿಗೆ ಬೇಕಿಲ್ಲ, ಆದರೆ ಕರೆಂಟಿನ ನಾಡಿ ಗೊತ್ತು. ರೀಡಿಂಗ್ ಹೇಳಿದ ಕೂಡಲೇ, "ತಮ್ಮಾ, ಎರಡೂ ಕೂಡ್ಸಿದ್ರ ಎಷ್ಟ್ ಆಗ್ತದ?" ಅಂದರು.

"ಮೂವತ್ತಾರೂವರೆ ಚಿಲ್ಲರ ಕಾಕಾ."

"ಮತ್ತ ಎಲ್ಲೂ ಹೋಗಿಲ್ಲ ಅದು. ಝೀರೋ ಬಿಟ್ಟದ ನೋಡು. ಕಂಬದಾಗ ನ್ಯೂಟ್ರಲ್ ಕಟ್ ಆದ್ರ ಒಂದ್ ಮನ್ಯಾಗ ಬಲ್ಬ್ ಝಗಮಗ, ಬಾಜೂ ಮನ್ಯಾಗ ಮಿಣಿಮಿಣಿ ಅಂತದಲ್ಲ, ಹಂಗ."

ಅದೇ ಆಗಿತ್ತು. ಎರಡು ತುದಿಗಳ ನಡುವಿನ ವೋಲ್ಟೇಜ್ ಸರಿ ಇದ್ದು, ಅರ್ಧರ್ಧ ಹಂಚಿಕೆ ಮಾತ್ರ ಕೆಟ್ಟಿದ್ದರೆ ನಡುವಿನ ಸೊನ್ನೆ ತಂತಿ ಎಲ್ಲೋ ಕೈ ಬಿಟ್ಟಿದೆ ಅಂತ ಅರ್ಥ. ಆಗ ಎರಡು ಕೆಪಾಸಿಟರುಗಳು ತಮ್ಮ ಸೋರಿಕೆಗೆ ತಕ್ಕಂತೆ ಮನಸ್ಸಿಗೆ ಬಂದಂತೆ ಹಂಚಿಕೊಳ್ಳುತ್ತವೆ. 25 ವೋಲ್ಟಿನ ಕೆಪಾಸಿಟರ್ ಮೇಲೆ 22.7, ಅದೂ ಏರುತ್ತಾ ಇದೆ ಅಂದರೆ ಹೆಚ್ಚು ಹೊತ್ತು ನೋಡುತ್ತಾ ಕೂರಬಾರದು. ಪ್ಲಗ್ ಕಿತ್ತೆ. ಒಂದು ಕಿಲೋ ಓಮ್ ರೆಸಿಸ್ಟರ್ ಹಿಡಿದು ಕೆಪಾಸಿಟರ್ ಖಾಲಿ ಮಾಡಿ, ಬೋರ್ಡ್ ತಿರುಗಿಸಿದೆ.

ಸಪ್ಲೈ ಬೋರ್ಡ್ ಅಂಗಡಿಯಿಂದಲೇ ಸೋಲ್ಡರ್ ಆಗಿ ಬಂದಿತ್ತು. ಮೀಟರಿನ ಬೀಪ್ ಮೋಡಿನಲ್ಲಿ (ದಾರಿ ಕೂಡಿದ್ದರೆ ಸದ್ದು ಮಾಡುವುದು) ಸೊನ್ನೆ ತಂತಿ ಪರೀಕ್ಷಿಸಿದರೆ ಬೀಪ್ ಬರುತ್ತಿತ್ತು! ಪ್ರೋಬ್ ಒತ್ತಿದಾಗ ಕೂಡಿಕೊಳ್ಳುವುದು, ಬಿಟ್ಟರೆ ಬಿಡುವುದು. ಒತ್ತದೆ, ತಂತಿಯನ್ನು ದೂರದಲ್ಲಿ ಹಿಡಿದು ಅಲ್ಲಾಡಿಸಿದಾಗ ಬೀಪ್ ಕಡಿಯಿತು. ಭೂತಗನ್ನಡಿಯಲ್ಲಿ ನೋಡಿದರೆ ಪಿನ್ ಸುತ್ತ ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರ. ಡ್ರೈ ಸೋಲ್ಡರ್, ಅಂದರೆ ಸರಿಯಾಗಿ ಹಿಡಿಯದ ಬೆಸುಗೆ. ಇದು ಹೆಚ್ಚಾಗಿ ಗ್ರೌಂಡ್ ಪಿನ್ನಿನಲ್ಲೇ ಆಗುತ್ತದೆ, ಯಾಕಂದ್ರೆ ಅಲ್ಲಿ ತಾಮ್ರ ಅಗಲ ಇರುತ್ತದೆ, ಐರನ್ನಿನ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. 25 ವ್ಯಾಟ್ ಐರನ್ ಆದರೆ ಫ್ಯಾನ್ ಆರಿಸಿ, ಬಿಸಿ ಪೂರ್ತಿ ಏರುವವರೆಗೆ ಕಾಯಬೇಕು. ಮೇ ತಿಂಗಳ ಕಲಬುರಗಿಯಲ್ಲಿ ಫ್ಯಾನ್ ಆರಿಸಿ ಅನ್ನೋದು ಸಣ್ಣ ಮಾತಲ್ಲ, ಬೆವರು ಬೋರ್ಡಿನ ಮೇಲೇ ತೊಟ್ಟಿಕ್ಕುತ್ತದೆ. ಮತ್ತೆ ಬೆಸೆದ ಮೇಲೆ 18.3, 18.3.

ಇನ್ನು ಔಟ್‌ಪುಟ್. ಸ್ಪೀಕರ್ ಹಚ್ಚುವ ಮೊದಲು ಇಲ್ಲಿ ಡಿಸಿ ನೋಡಲೇಬೇಕು. 17 ವೋಲ್ಟ್ ಡಿಸಿ 8 ಓಮ್ ಸ್ಪೀಕರಿಗೆ ಹೋದರೆ 2 ಆಂಪಿಯರಿಗೂ ಮೇಲೆ ಹರಿಯುತ್ತದೆ, ಕಾಯಿಲ್ ಸುಡುತ್ತದೆ. ನನ್ನ ಎಡ ಚಾನೆಲ್ 9 ಮಿಲಿವೋಲ್ಟ್. ಬಲ ಚಾನೆಲ್ ಮಾತ್ರ 17 ವೋಲ್ಟ್.

ಚಿಪ್ ಸುಟ್ಟಿದೆ ಅಂತ ತೀರ್ಮಾನಿಸೋದು ಸುಲಭ. ನಾನು ಗೆಳೆಯನ ಮೀಟರ್ ಕೂಡ ತಂದು ಔಟ್‌ಪುಟ್ ಪಿನ್ 4ಕ್ಕೆ ಕಚ್ಚಿಸಿ ಬಿಟ್ಟೆ, ನನ್ನ ಹಳದಿ ಮೀಟರಿನಿಂದ ಪಿನ್ 1 ಮುಟ್ಟಿದೆ. ಮಜಾ ನೋಡಿ, ಮುಟ್ಟಿದ ಒಂದೆರಡು ಸೆಕೆಂಡಿಗೆ ಔಟ್‌ಪುಟ್ 17ರಿಂದ ಜಾರಿ ಸೊನ್ನೆಯ ಹತ್ತಿರ ಬಂತು. ಪ್ರೋಬ್ ತೆಗೆದರೆ ಮತ್ತೆ ಏರಿತು. ಅಂದರೆ ಚಿಪ್ ಆರೋಗ್ಯವಾಗಿದೆ. ಪಿನ್ 1 ಇನ್‌ಪುಟ್, ಅದರಿಂದ ಗ್ರೌಂಡಿಗೆ 22 ಕಿಲೋ ಓಮ್ ದಾರಿ ಇರಬೇಕು. ಆ ದಾರಿ ಕಡಿದಿದ್ದರೆ ಚಿಪ್‌ನ ಇನ್‌ಪುಟ್ಟಿನ ಸಣ್ಣ ಕರೆಂಟಿಗೆ ಹೋಗಲು ಜಾಗವಿಲ್ಲ, ಔಟ್‌ಪುಟ್ ಒಂದು ತುದಿಗೆ ಹೋಗಿ ನಿಲ್ಲುತ್ತದೆ. ನನ್ನ ಮೀಟರಿನ ಒಳಗಿನ ಒಂದು ಮೆಗಾ ಓಮ್ ಆ ದಾರಿಯ ಕೆಲಸ ಮಾಡುತ್ತಿತ್ತು. ಕರೆಂಟ್ ತೆಗೆದು ಅಳೆದರೆ ಆ ರೆಸಿಸ್ಟರ್ ಓಪನ್, ಅಂದರೆ ಒಳಗೇ ಕಡಿದಿತ್ತು. ಬದಲಿಸಿದೆ, 11 ಮಿಲಿವೋಲ್ಟ್ ಬಂತು. ಮುಟ್ಟಿದಾಗ ಸರಿಹೋಗುವ ದೋಷ ಸಿಕ್ಕರೆ ಖುಷಿಪಡಿ, ಜಾಗ ಅದೇ ತೋರಿಸಿಕೊಡುತ್ತದೆ.

ಮೀಟರ್ ಕೈಯಲ್ಲಿದ್ದಾಗಲೇ ಚಿಪ್‌ನ ಬೆನ್ನಿನ ಲೋಹ ಮುಟ್ಟಿ ನೋಡಿದೆ, ಮೈನಸ್ 18. ಇದು ದೋಷವಲ್ಲ. ಈ ಚಿಪ್‌ನ ಬೆನ್ನು ಒಳಗೇ ಪಿನ್ 3ಕ್ಕೆ, ಅಂದರೆ ಮೈನಸ್ ಸಪ್ಲೈಗೆ ಸೇರಿದೆ. ಅಭ್ರಕದ ಹಾಳೆ ಇಡದೆ ಬಿಸಿ ಎಳೆದುಕೊಳ್ಳುವ ಲೋಹದ ಹೀಟ್ ಸಿಂಕಿಗೆ ಬಿಗಿದು, ಆ ಹೀಟ್ ಸಿಂಕ್ ಗ್ರೌಂಡಿಗೆ ಸೇರಿದ ಡಬ್ಬಿಗೆ ತಾಗಿದರೆ ನೇರ ಶಾರ್ಟ್. ಹಾಳೆ, ಪೇಸ್ಟ್, ಸ್ಕ್ರೂವಿಗೆ ಪ್ಲಾಸ್ಟಿಕ್ ವಾಷರ್, ಮೂರೂ ಹಾಕಿ ಬಿಗಿದ ಮೇಲೆ ಹೀಟ್ ಸಿಂಕ್ ಮತ್ತು ಚಿಪ್‌ನ ಬೆನ್ನಿನ ನಡುವೆ ಬೀಪ್ ಬರಬಾರದು.

ಬಲ್ಬ್ ತೆಗೆದು ನೇರ ಕರೆಂಟ್ ಕೊಟ್ಟು, ಎರಡೂ ಔಟ್‌ಪುಟ್ ಮತ್ತೊಮ್ಮೆ ಅಳೆದು, ಮೊದಲು ಹಳೆಯ ಟಿವಿಯ ಸ್ಪೀಕರ್ ಹಚ್ಚಿದೆ. ಮಿತ್ರರ ಒಳ್ಳೇ ಸ್ಪೀಕರ್ ಆಮೇಲೆ. ಸಣ್ಣಗೆ ಗುಂಯ್ ಅನ್ನುವ ಸದ್ದು ಇತ್ತು. ಟ್ರಾನ್ಸ್‌ಫಾರ್ಮರನ್ನು ವಾಲ್ಯೂಮ್ ಕಂಟ್ರೋಲಿನಿಂದ ದೂರ ಸರಿಸಿ, ಇನ್‌ಪುಟ್‌ಗೆ ಶೀಲ್ಡ್ ತಂತಿ ಹಾಕಿದಾಗ ಕಡಿಮೆಯಾಯಿತು.