ನೀರಿಗೆ ಓಝೋನ್: ಮೊದಲು ಗಾಳಿ ಒಣಗಲಿ

ನೀರಿನ ಕ್ರಿಮಿ ಕೊಲ್ಲಲು ಓಝೋನ್ ಅನಿಲ ತಯಾರಿಸುವ ಯಂತ್ರ ತಂದು, ಪ್ಲಗ್ ಹಾಕಿ, ಪೈಪನ್ನು ನೀರಿನ ಟ್ಯಾಂಕಿಗೆ ಇಳಿಬಿಟ್ಟರೆ ಮೊದಮೊದಲು ಎಲ್ಲವೂ ಸರಿಯಾಗಿಯೇ ಇರುತ್ತದೆ. ಗುಳ್ಳೆ ಏಳುತ್ತದೆ, ಘಾಟು ವಾಸನೆಯೂ ಬರುತ್ತದೆ. ಕೆಲವು ತಿಂಗಳಾದ ಮೇಲೆ ಗುಳ್ಳೆ ಏಳುತ್ತಲೇ ಇರುತ್ತದೆ, ಅದರಲ್ಲಿ ಓಝೋನ್ ಮಾತ್ರ ಇರುವುದಿಲ್ಲ. ಯಂತ್ರದೊಳಗೆ ಓಝೋನ್ ತಯಾರಾಗುವ ಟ್ಯೂಬ್ ಹೋಯಿತೆಂದು ಹೊಸದು ಹಾಕಿಸುತ್ತಾರೆ, ಅದೂ ಅಷ್ಟೇ ದಿನ ಬಾಳುತ್ತದೆ. ಇದಕ್ಕೆ ಹೆಚ್ಚಿನ ಸಲ ಕಾರಣ ಟ್ಯೂಬಿನೊಳಗೆ ಹೋಗುತ್ತಿರುವ ತೇವದ ಗಾಳಿ.

ಟ್ಯೂಬಿನ ಒಳಗೆ ನಡೆಯುವುದು ಇಷ್ಟು. ಎರಡು ಲೋಹದ ಪದರಗಳ ನಡುವೆ ಗಾಜು ಅಥವಾ ಸೆರಾಮಿಕ್ ತಡೆ, ಅದರ ಪಕ್ಕದಲ್ಲಿ ಕಿರಿದಾದ ಸಂದು. ಆ ಸಂದಿನಲ್ಲಿ ಗಾಳಿ ಹರಿಯುವಾಗ ಸಾವಿರಾರು ವೋಲ್ಟ್ ಕೊಟ್ಟರೆ ನೇರಳೆ ಬಣ್ಣದ ಮಂದ ಬೆಳಕು ಹೊತ್ತಿಕೊಳ್ಳುತ್ತದೆ. ಆಮ್ಲಜನಕದ ಅಣು ಒಡೆದು, ಬಿಡಿ ಪರಮಾಣು ಇನ್ನೊಂದು ಅಣುವಿಗೆ ಅಂಟಿ ಓಝೋನ್ ಆಗುತ್ತದೆ. ವರ್ನರ್ ಫಾನ್ ಸೀಮೆನ್ಸ್ 1857ರಲ್ಲಿ ತೋರಿಸಿದ ಟ್ಯೂಬಿನ ತತ್ವವೇ ಇಂದಿಗೂ ನಡೆಯುತ್ತಿದೆ. ಕೊಟ್ಟ ವಿದ್ಯುತ್ತಿನ ಬಹುಪಾಲು ಶಾಖವಾಗಿ ಹೋಗುತ್ತದೆ, ಶಾಖ ಹೆಚ್ಚಿದರೆ ಆಗಷ್ಟೇ ಹುಟ್ಟಿದ ಓಝೋನ್ ಮತ್ತೆ ಆಮ್ಲಜನಕವಾಗಿ ಒಡೆಯುತ್ತದೆ. ಹಾಗಾಗಿ ಫ್ಯಾನ್ ಅಥವಾ ತಂಪು ನೀರಿನ ಸುತ್ತು ನಿಂತರೆ ಉತ್ಪಾದನೆಯೂ ಕುಸಿಯುತ್ತದೆ.

ಒಣ ಗಾಳಿ

ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕ. ವಿದ್ಯುತ್ ಕಿಡಿಯಲ್ಲಿ ಅದೂ ಆಮ್ಲಜನಕದ ಜೊತೆ ಕೂಡುತ್ತದೆ. ಅಲ್ಲಿ ತೇವ ಸಿಕ್ಕರೆ ನೈಟ್ರಿಕ್ ಆಮ್ಲ ತಯಾರು. ಅಂಥ ಟ್ಯೂಬ್ ಬಿಚ್ಚಿ ನೋಡಿದರೆ ಸ್ಟೀಲಿನ ಮೇಲೆ ಕಂದು ಪುಡಿ, ಗಾಜಿನ ಮೇಲೆ ಜಿಗುಟು ಕಲೆ ಕಾಣುತ್ತದೆ. ಕಲೆಯಿದ್ದ ಜಾಗದಲ್ಲೇ ಕಿಡಿ ಗುಂಪುಗೂಡಿ ಗಾಜು ತೂತಾಗುತ್ತದೆ.

ಒಳಹೋಗುವ ಗಾಳಿಯ ಇಬ್ಬನಿ ಬಿಂದು, ಅಂದರೆ ತೇವ ಹನಿಗಟ್ಟುವ ತಾಪಮಾನ, ಮೈನಸ್ 60 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕೆಳಗಿರಬೇಕು. ತೇವ ಹೀರುವ ಸಿಲಿಕಾ ಜೆಲ್ ಹರಳಿನ ಡಬ್ಬಿಯೊಂದನ್ನೇ ನಂಬಿದರೆ ಹರಳಿನ ಬಣ್ಣ ಬದಲಾದುದನ್ನು ಗಮನಿಸದ ದಿನವೇ ಹಾನಿ ಶುರು. ಆಕ್ಸಿಜನ್ ಕಾನ್ಸಂಟ್ರೇಟರ್ ಜೋಡಿಸುವುದೇ ಉತ್ತಮ. ಅದರ ಜಿಯೋಲೈಟ್ ಹರಳು ಸಾರಜನಕವನ್ನೂ ತೇವವನ್ನೂ ಒಟ್ಟಿಗೆ ಹಿಡಿದುಕೊಂಡು ಸುಮಾರು 90ರಿಂದ 93 ಶೇಕಡಾ ಆಮ್ಲಜನಕ ಬಿಡುತ್ತದೆ. ಬೇರೆ ಕಂಪ್ರೆಸರ್ ಬಳಸುವುದಾದರೆ ಎಣ್ಣೆ ಇಲ್ಲದ ಮಾದರಿಯೇ ಆಗಬೇಕು. ಎಣ್ಣೆಯ ಹನಿ ಮತ್ತು ದಟ್ಟ ಆಮ್ಲಜನಕ ಒಂದೆಡೆ ಸೇರಿದರೆ ಬೆಂಕಿಯ ಅಪಾಯವಿದೆ.

ಎಷ್ಟು ಗ್ರಾಂ ಬೇಕು?

ಗಂಟೆಗೆ 1,000 ಲೀಟರ್ ನೀರು ಶುದ್ಧೀಕರಿಸಬೇಕು ಎನ್ನಿ. ತಿಳಿಯಾದ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಎಂದು ಲೆಕ್ಕ ಹಿಡಿದರೆ ಗಂಟೆಗೆ 1.5 ಗ್ರಾಂ ಆಯಿತು. ನೀರಿನಲ್ಲಿ ಕಬ್ಬಿಣ ಇದ್ದರೆ ಅದರ ಪ್ರತಿ ಮಿಲಿಗ್ರಾಂಗೆ 0.43, ಮ್ಯಾಂಗನೀಸ್ ಇದ್ದರೆ ಪ್ರತಿ ಮಿಲಿಗ್ರಾಂಗೆ 0.88 ಮಿಲಿಗ್ರಾಂ ಓಝೋನ್ ಸೇರಿಸಿ. ಕೊಟ್ಟ ಅನಿಲವೆಲ್ಲ ನೀರಿಗಿಳಿಯುವುದಿಲ್ಲ. ಅರ್ಧಕ್ಕಿಂತ ತುಸು ಹೆಚ್ಚು ಕರಗುತ್ತದೆ ಎಂದಿಟ್ಟುಕೊಂಡರೆ ಗಂಟೆಗೆ 3 ಗ್ರಾಂ ಯಂತ್ರ ಬೇಕಾದೀತು.

ಡಬ್ಬದ ಮೇಲೆ ಬರೆದ ಗ್ರಾಂ ಲೆಕ್ಕಕ್ಕಿಂತ ಅನಿಲದ ಸಾಂದ್ರತೆ ಮುಖ್ಯ. ಘನ ಮೀಟರಿಗೆ 60 ಗ್ರಾಂ ಕೊಡುವ ಯಂತ್ರವಾದರೆ ಆ 3 ಗ್ರಾಂ ಬರಲು 50 ಲೀಟರ್ ಅನಿಲ ಸಾಕು. ಗಾಳಿಯಿಂದಲೇ ನಡೆಯುವ, ಘನ ಮೀಟರಿಗೆ 20 ಗ್ರಾಂ ಕೊಡುವ ಯಂತ್ರಕ್ಕೆ 150 ಲೀಟರ್ ಬೇಕು. ಒಂದೇ ತೂಕದ ಓಝೋನನ್ನು ಮೂರು ಪಟ್ಟು ಗಾಳಿಯಲ್ಲಿ ಹರಡಿ ಕೊಟ್ಟರೆ ನೀರಿಗೆ ಸೇರುವುದು ಕಡಿಮೆ, ಮೇಲೆ ಹಾರಿಹೋಗುವುದು ಹೆಚ್ಚು. ನೀರು ತಣ್ಣಗಿದ್ದಷ್ಟೂ ಚೆನ್ನಾಗಿ ಕರಗುತ್ತದೆ.

ಜೋಡಣೆ

ಪಂಪಿನ ನಂತರದ ಪೈಪಿಗೆ ವೆಂಚುರಿ, ಅಂದರೆ ನೀರು ಹರಿಯುವ ರಭಸದಿಂದಲೇ ಅನಿಲವನ್ನು ಒಳಕ್ಕೆ ಎಳೆದುಕೊಳ್ಳುವ ಕಿರಿದಾದ ಕೊಳವೆ, ಹಾಕಿ. ಓಝೋನ್ ಯಂತ್ರವನ್ನು ಜೋಡಿಸುವ ಮುನ್ನ ಬರೀ ನೀರು ಹರಿಸಿ, ವೆಂಚುರಿಯ ಅನಿಲ ಬಾಯಿಗೆ ಬೆರಳಿಡಿ. ಚರ್ಮವನ್ನು ಒಳಕ್ಕೆ ಎಳೆದುಕೊಳ್ಳಬೇಕು. ಎಳೆಯದಿದ್ದರೆ ಮುಂದಿನ ಪೈಪಿನಲ್ಲಿ ಒತ್ತಡ ಜಾಸ್ತಿಯಾಗಿದೆ ಎಂದರ್ಥ. ಪೈಪಿನ ತಿರುವುಗಳನ್ನು (ಮೊಣಕೈ) ಕಡಿಮೆ ಮಾಡಿ, ಅಥವಾ ದಪ್ಪ ಪೈಪ್ ಹಾಕಿ.

ವೆಂಚುರಿ ಮತ್ತು ಟ್ಯೂಬಿನ ನಡುವೆ ನಾನ್ ರಿಟರ್ನ್ ವಾಲ್ವ್ ಕಡ್ಡಾಯ. ಒಂದೇ ವಾಲ್ವ್ ನೆಚ್ಚಬೇಡಿ: ಎರಡು ಹಾಕಿ, ಜೊತೆಗೆ ಅನಿಲದ ಪೈಪನ್ನು ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಒಂದು ಸುತ್ತು ಎಬ್ಬಿಸಿ. ಕರೆಂಟ್ ಹೋದಾಗ ನೀರು ಹಿಂದಕ್ಕೆ ಹರಿದು ಟ್ಯೂಬಿಗೆ ಸೇರಿದರೆ ಗಾಜು ಒಡೆಯುತ್ತದೆ. ಪಂಪ್ ಓಡುತ್ತಿದ್ದರೆ ಮಾತ್ರ ಓಝೋನ್ ಶುರುವಾಗುವಂತೆ ರಿಲೇ ಮೂಲಕ ವೈರಿಂಗ್ ಮಾಡಿಸಿ.

ಅನಿಲದ ಪೈಪ್ ಟೆಫ್ಲಾನ್, ವಾಶರ್ ವೈಟಾನ್ (ಓಝೋನ್ ತಾಳುವ ವಿಶೇಷ ರಬ್ಬರ್), ಲೋಹದ ಭಾಗ 316 ದರ್ಜೆಯ ಸ್ಟೀಲ್ ಇರಲಿ. ಸಾಮಾನ್ಯ ರಬ್ಬರ್ ಬೇಡ. ಎಳೆದು ಹಿಡಿದ ರಬ್ಬರ್ ಬ್ಯಾಂಡನ್ನು ಓಝೋನ್ ಇರುವೆಡೆ ಇಟ್ಟರೆ, ಎಳೆದ ದಿಕ್ಕಿಗೆ ಅಡ್ಡಡ್ಡಲಾಗಿ ಬಿರುಕು ಬಿದ್ದು ತುಂಡಾಗುತ್ತದೆ. ಬಿಗಿದು ಕೂರಿಸಿದ ವಾಶರಿನ ಗತಿಯೂ ಅದೇ.

ನಿಲ್ಲುವ ಸಮಯ

ಓಝೋನ್ ಬೆರೆತ ನೀರು ಕ್ರಿಮಿಯ ಜೊತೆ ಕೆಲ ನಿಮಿಷ ಕಳೆಯಬೇಕು. ನೀರಿನಲ್ಲಿ ಲೀಟರಿಗೆ 0.4 ಮಿಲಿಗ್ರಾಂ ಓಝೋನ್ ಉಳಿಕೆ ಇಟ್ಟು 4 ನಿಮಿಷ ನಿಲ್ಲಿಸುವುದು ಹಳೆಯ ರೂಢಿ. ಗಂಟೆಗೆ 1,000 ಲೀಟರ್ ಹರಿವಿಗೆ 4 ನಿಮಿಷವೆಂದರೆ ಸುಮಾರು 67 ಲೀಟರ್. ಆದರೆ 67 ಲೀಟರಿನ ಟ್ಯಾಂಕ್ ಸಾಲದು. ಒಳಗೆ ಅಡ್ಡ ಗೋಡೆಗಳಿಲ್ಲದ ಟ್ಯಾಂಕಿನಲ್ಲಿ ಒಂದಷ್ಟು ನೀರು ಅಡ್ಡದಾರಿ ಹಿಡಿದು ಬೇಗನೆ ಹೊರಬೀಳುತ್ತದೆ. ನಿಜವಾದ ನಿಲುಗಡೆ ಲೆಕ್ಕದ ಶೇಕಡಾ 30ರಷ್ಟೇ ಎಂದು ಹಿಡಿದು 220 ಲೀಟರಿನ ಎತ್ತರದ ಟ್ಯಾಂಕ್ ಇಡಿ.

ಉಳಿಕೆಯನ್ನು ಟ್ಯಾಂಕಿನ ಹೊರಬಾಯಿಯಲ್ಲೇ ಅಳೆಯಿರಿ. ಪರೀಕ್ಷೆಗೆ ನೀರಿನ ಮಾದರಿಗೆ ಹಾಕುವ ಡಿಪಿಡಿ ಮಾತ್ರೆ ಓಝೋನಿಗಷ್ಟೇ ಅಲ್ಲ, ಕ್ಲೋರಿನ್ನಿಗೂ ಗುಲಾಬಿ ಬಣ್ಣ ತೋರಿಸುತ್ತದೆ, ಆದ್ದರಿಂದ ಕ್ಲೋರಿನ್ ಬೆರೆತ ನೀರಿಗೆ ನೀಲಿ ಬಣ್ಣ ಮಾಸುವ ಇಂಡಿಗೋ ವಿಧಾನವೇ ಸರಿ. ಮಾದರಿ ತುಂಬಿಕೊಂಡ ಕೂಡಲೇ ಪರೀಕ್ಷಿಸಿ, ಓಝೋನ್ ಬಾಟಲಿಯಲ್ಲಿ ಕಾಯುತ್ತ ಕೂರುವುದಿಲ್ಲ. ಪ್ರಮಾಣ ಮಿತಿಮೀರಿದರೆ ನೀರಿನಲ್ಲಿರುವ ಮ್ಯಾಂಗನೀಸ್ ಪರ್ಮಾಂಗನೇಟ್ ಆಗಿ ನೀರಿಗೆ ತೆಳು ಗುಲಾಬಿ ಬಣ್ಣ ಬರುತ್ತದೆ. ನೀರಿನಲ್ಲಿ ಬ್ರೋಮೈಡ್ ಇದ್ದರೆ ಬ್ರೋಮೇಟ್ ಹುಟ್ಟುತ್ತದೆ. ಕುಡಿಯುವ ನೀರಿನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಯಂತ್ರ ಕೊಳ್ಳುವ ಮೊದಲೇ ನೀರು ಪರೀಕ್ಷೆ ಮಾಡಿಸುವುದು ಇದಕ್ಕೇ.

ಉಳಿದ ಅನಿಲ

ಕರಗದ ಓಝೋನ್ ಟ್ಯಾಂಕಿನ ಮೇಲ್ಭಾಗದಲ್ಲಿ ಸೇರುತ್ತದೆ. ಅದನ್ನು ಕೋಣೆಗೆ ಬಿಡಬೇಡಿ. ಏರ್ ವೆಂಟ್‌ನಿಂದ ನೀರ ಹನಿ ಬೇರ್ಪಡಿಸಿ, ಮ್ಯಾಂಗನೀಸ್ ಡೈಆಕ್ಸೈಡ್ ತುಂಬಿದ ಡಬ್ಬಿಯ ಮೂಲಕ ಹಾಯಿಸಿ, ಕಟ್ಟಡದ ಹೊರಗೆ ಬಿಡಿ. ಆ ಹರಳು ಒದ್ದೆಯಾದರೆ ಕೆಲಸ ಮಾಡದು. ಇದ್ದಿಲಿನ ಡಬ್ಬಿ ಇಡುವ ಅಭ್ಯಾಸ ಇದೆ, ಆದರೆ ಆಮ್ಲಜನಕದಿಂದ ನಡೆಯುವ ಯಂತ್ರಕ್ಕೆ ಅದು ತೀರಾ ಅಪಾಯಕಾರಿ, ಇದ್ದಿಲೇ ಹೊತ್ತಿಕೊಳ್ಳಬಹುದು.

ಎಂಟು ಗಂಟೆ ಕೆಲಸದ ಜಾಗಕ್ಕೆ ಸಾಮಾನ್ಯವಾಗಿ ಒಪ್ಪಿದ ಮಿತಿ 0.1 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 0.1 ಪಾಲು ಓಝೋನ್. ಅದಕ್ಕೂ ಕಡಿಮೆ ಇರುವಾಗಲೇ ಮೂಗಿಗೆ ತಿಳಿಯುತ್ತದೆ, ಆದರೆ ಸ್ವಲ್ಪ ಹೊತ್ತಿನಲ್ಲೇ ಮೂಗು ಒಗ್ಗಿಹೋಗಿ ವಾಸನೆಯೇ ಇಲ್ಲವೆನಿಸುತ್ತದೆ. ಹಾಗಾಗಿ ಮೂಗನ್ನು ನೆಚ್ಚದೆ ಓಝೋನ್ ಸೆನ್ಸರ್ ಹಾಕಿ. ಓಝೋನ್ ಗಾಳಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರ, ಸೆನ್ಸರನ್ನು ಯಂತ್ರದ ಹತ್ತಿರ ತಗ್ಗಿನಲ್ಲೇ ಕೂರಿಸಿ, ಮಿತಿ ದಾಟಿದರೆ ಯಂತ್ರ ತಾನಾಗಿ ನಿಲ್ಲುವಂತೆ ಜೋಡಿಸಿ. ಟ್ಯೂಬ್ ಬಿಚ್ಚುವ ಕೆಲಸ ಬಂದರೆ ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆ: ತಯಾರಕರು ಹೇಳಿದಷ್ಟು ಹೊತ್ತು ಬಿಟ್ಟು, ಅರ್ಥಿಂಗ್ ಕಡ್ಡಿ ಮುಟ್ಟಿಸಿ, ಆಮೇಲೆ ಸ್ಪ್ಯಾನರ್ ಹಾಕಿ.