ಹಾಜರಿ ಪುಸ್ತಕದ ಪಕ್ಕ ಅಂಕಪಟ್ಟಿ ಇಟ್ಟು ನೋಡಿದ್ದು

"ಘಟ್ಟದ ಮೇಲಿನ ಮಕ್ಕಳು ಜಾಸ್ತಿ ಆದ್ರು, ಇನ್ನು ರಿಸಲ್ಟ್ ಕೇಳ್ಬೇಡಿ." ನಮ್ಮ ಸ್ಟಾಫ್ ರೂಮಿನಲ್ಲಿ ಪ್ರತಿ ಮೇ ತಿಂಗಳಲ್ಲಿ ಈ ಮಾತು ಬರುತ್ತಿತ್ತು. ನಾನು ಅದನ್ನು ಒಪ್ಪಿರಲಿಲ್ಲ. ಒಪ್ಪದೆ ಇದ್ದದ್ದು ಸರಿ ಅಂತ ಈಗ ಲೆಕ್ಕ ಸಮೇತ ತೋರಿಸಬಲ್ಲೆ.

ಮಂಗಳೂರು ನಗರದೊಳಗಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ನನ್ನ ವಿಷಯ. ನಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಬಾಗಲಕೋಟೆ, ಕೊಪ್ಪಳ, ಗದಗ ಕಡೆಯವರು. ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆ ಬಂದವರು. ಉಳಿದವರು ತುಳು, ಬ್ಯಾರಿ ಮನೆಯವರು, ದಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಬೋಟಿನ ಕೆಲಸದವರ ಮಕ್ಕಳು, ಒಂದಿಷ್ಟು ಬಿಹಾರದವರು. 2025ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಜಿಲ್ಲೆ ಶೇ. 91.12 ಪಡೆದು ಮೊದಲ ಸ್ಥಾನದಲ್ಲಿತ್ತು. ಹಿಂದಿನ ವರ್ಷ ಉಡುಪಿ ಮೊದಲು, ನಾವು ಎರಡನೆಯವರು. ಇಂಥ ಜಿಲ್ಲೆಯಲ್ಲಿ ಅರವತ್ತರ ಆಸುಪಾಸು ಬಿದ್ದ ಶಾಲೆಗೆ ಮೀಟಿಂಗಿನಲ್ಲಿ ಏನು ಸಿಗುತ್ತದೆ ಅಂತ ನಿಮಗೂ ಗೊತ್ತು.

ಮೊದಲು ಸ್ಯಾಟ್ಸ್‌ನಲ್ಲಿದ್ದ (ಶಿಕ್ಷಣ ಇಲಾಖೆ ಮಕ್ಕಳ ವಿವರ ಇಡುವ ಆನ್‌ಲೈನ್ ವ್ಯವಸ್ಥೆ) ಮಾಹಿತಿ ಹರಡಿಕೊಂಡು ಕೂತೆ. ಜಾತಿ, ಆದಾಯ, ಮಾತೃಭಾಷೆ. ಯಾವುದನ್ನು ಇಟ್ಟು ನೋಡಿದರೂ ಅಂಕಕ್ಕೂ ಅದಕ್ಕೂ ಗಟ್ಟಿ ನಂಟು ಕಾಣಲಿಲ್ಲ. ಒಟ್ಟು ಹಾಜರಿಯ ಶೇಕಡಾವಾರಿನಲ್ಲೂ ಏನೂ ಸಿಗಲಿಲ್ಲ. ಆಮೇಲೆ ಒಂದು ದಸರಾ ರಜೆಯಲ್ಲಿ ಹಳೆಯ ಹಾಜರಿ ಪುಸ್ತಕಗಳನ್ನು ಮನೆಗೆ ತಂದೆ. ಒಟ್ಟಿಗೆ ಒಂದು ವಾರಕ್ಕಿಂತ ಜಾಸ್ತಿ ಬಾರದ ಕಡೆಗೆಲ್ಲ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದೆ. ಅಲ್ಲಿ ಸಿಕ್ಕಿತು! ಬಿಡಿಬಿಡಿಯಾಗಿ ತಪ್ಪಿದ ಇಪ್ಪತ್ತು ದಿನ ಬೇರೆ, ಒಟ್ಟಿಗೆ ತಪ್ಪಿದ ಇಪ್ಪತ್ತು ದಿನ ಬೇರೆ. ಊರಿಗೆ ಹೋಗದೆ ಇಲ್ಲೇ ಉಳಿದ ಬಾದಾಮಿ ಕಡೆಯ ಮಕ್ಕಳು ತುಳು ಮನೆಯ ಮಕ್ಕಳಷ್ಟೇ ಅಂಕ ತೆಗೆದಿದ್ದರು. ಕೆಲವರು ಜಾಸ್ತಿಯೇ.

ಗೆರೆಗಳೆಲ್ಲ ವರ್ಷದ ಕೆಲವೇ ಹೊತ್ತಿನಲ್ಲಿ ಗುಂಪುಗುಂಪಾಗಿದ್ದವು. ಶ್ರಾವಣದಲ್ಲಿ ನಾಗರ ಪಂಚಮಿ. ಪುಷ್ಯ ಹುಣ್ಣಿಮೆಯ ಹೊತ್ತಿಗೆ ಬನಶಂಕರಿ ಜಾತ್ರೆ, ಕೊಪ್ಪಳದ ಗವಿಮಠದ ಜಾತ್ರೆ. ಸರಿಯಾಗಿ ನಮ್ಮ ಪುನರಾವರ್ತನೆ ನಡೆಯುವಾಗ! ಬೋಟಿನವರದ್ದು ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಲೆಕ್ಕ. ಕೆಲಸವಿಲ್ಲ ಅಂತ ಊರಿಗೆ ಹೋದವರು ಆಗಸ್ಟಿಗೆ ಬರುತ್ತಾರೆ. ಬಿಹಾರದವರು ದೀಪಾವಳಿ ದಾಟಿ ಛಠ್ ಹಬ್ಬ ಮುಗಿಸಿಯೇ ಬರುವುದು.

ಒಬ್ಬಳು ಹುಡುಗಿ ಬಂದು ಹೇಳಿದ್ದಳು: "ಸರ್, ಪಂಚಮಿಗಿ ಊರಿಗಿ ಹೊಂಟೀವ್ರಿ, ಹದಿನೈದ್ ದಿನಾ ಬರಂಗಿಲ್ರಿ." ಕೈತುಂಬ ಮದರಂಗಿ ಹಾಕಿಕೊಂಡು ವಾಪಸ್ ಬಂದಾಗ ನಾನು ತ್ರಿಭುಜದ ಎರಡನೇ ಪ್ರಮೇಯದಲ್ಲಿದ್ದೆ. ಅವಳು ದಿನಾಂಕ ಬರೆದಳು, ಸ್ಕೇಲ್ ಇಟ್ಟು ಚಿತ್ರ ಚಂದವಾಗಿ ಎಳೆದಳು, ಬೋರ್ಡಿನಲ್ಲಿದ್ದದ್ದನ್ನೆಲ್ಲ ಇಳಿಸಿಕೊಂಡಳು. ಮೊದಲನೇ ಪ್ರಮೇಯವೇ ಅವಳಿಗೆ ಗೊತ್ತಿಲ್ಲ. ಪುಸ್ತಕ ತಿದ್ದುವವರಿಗೆ ಅದು ತಿಳಿಯುವುದೇ ಇಲ್ಲ, ಅಷ್ಟು ನೀಟು.

ಪರಿಹಾರಕ್ಕೆ ಬಹಳ ಹಣ, ಬಹಳ ಸಮಯ ಹೋಯಿತು. ಸಂಜೆ ಕ್ಲಾಸ್ ಮಾಡಿದೆ. ಅವಲಕ್ಕಿ, ಬಾಳೆಹಣ್ಣು ಅಂತ ತಿಂಗಳಿಗೆ ನಾಲ್ಕು ಸಾವಿರದ ಹತ್ತಿರ ಕೈಯಿಂದ ಹೋಯಿತು. ಆದರೆ ಹುಡುಗಿಯರು ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಗೆ ಓಡಬೇಕು, ಯಾರು ಉಳಿಯುತ್ತಾರೆ? ವಾಟ್ಸಾಪಿನಲ್ಲಿ ಪಾಠ ಕಳಿಸಿದೆ. ಫೋನು ಅಪ್ಪನ ಜೇಬಿನಲ್ಲಿ, ಅಪ್ಪ ಸೈಟಿನಲ್ಲಿ. ಹಾಳೆಗಳ ಕಟ್ಟು ಮಾಡಿ ಊರಿಗೆ ಕೊಟ್ಟು ಕಳಿಸಿದೆ. ಮಡಚಿದ ಹಾಗೇ ವಾಪಸ್ ಬಂತು. ದಾನಿಗಳ ಬಳಿ ಝೆರಾಕ್ಸ್ ಖರ್ಚು ಕೇಳಿದರೆ ಬ್ಯಾಗು ಕೊಟ್ಟರು.

ಕೊನೆಗೆ ಪಾಠ ಹಂಚಿಕೆಯನ್ನೇ ತಿರುಗಿಸಿದೆ. ಒಂದರ ಮೇಲೊಂದು ನಿಲ್ಲುವ ಪಾಠಗಳನ್ನು, ತ್ರಿಭುಜ, ವರ್ಗ ಸಮೀಕರಣ ಇಂಥವನ್ನು, ಮಕ್ಕಳು ತುಂಬಿರುವ ವಾರಗಳಿಗೆ ಎಳೆದೆ. ಪಂಚಮಿಯ ಹೊತ್ತಿಗೆ ಸಂಖ್ಯಾಶಾಸ್ತ್ರ, ಸಂಭವನೀಯತೆ. ಅವು ತಮ್ಮಷ್ಟಕ್ಕೆ ನಿಲ್ಲುತ್ತವೆ. ಆಮೇಲೆ ಬೇಕಾದರೂ ಹಿಡಿಯಬಹುದು. ಊರಿಂದ ಬಂದವರಿಗೆ ಒಂದು ವಾರ ಬೇರೆ ಬೆಂಚು. ಅವರು ತಪ್ಪಿದ ಪಾಠವನ್ನೇ ಮಾಡುತ್ತಾರೆ, ಇಲ್ಲೇ ಉಳಿದ ಒಬ್ಬ ಸಹಪಾಠಿ ಜೊತೆಗೆ. ಆ ವಾರ ಬೋರ್ಡಿನ ಕಡೆ ನೋಡುವ ಹಾಗಿಲ್ಲ. ಹಾಳೆಗಳನ್ನು ಈಗ ಕೊಡುವುದು ಬಂದ ಮೇಲೆ, ಹೋಗುವಾಗ ಅಲ್ಲ. ಮೊದಲ ಹಾಳೆಯಲ್ಲಿ ಯಾವ ಲೆಕ್ಕ ಇಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಊರಿಗೆ ಹೋಗುವ ದಿನ ನನಗೆ ಮೊದಲೇ ಹೇಗೆ ಗೊತ್ತಾಗುತ್ತದೆ ಅನ್ನುವುದನ್ನೂ.

"ಪುಸ್ತಕದ ಕ್ರಮ ತಪ್ಪಿಸಿದ್ರೆ ಮೇಲಿನವರು ಕೇಳ್ತಾರೆ" ಅಂತ ಸಹೋದ್ಯೋಗಿಗಳು ಹೆದರಿಸಿದರು. ಮಧ್ಯಾವಧಿ ಪರೀಕ್ಷೆಗೆ ಬೇಕಾದ ಪಾಠಗಳು ಅದರೊಳಗೆ ಮುಗಿದಿದ್ದರೆ ಯಾರೂ ಕೇಳುವುದಿಲ್ಲ. ನಾನು ಮುಗಿಸಿದ್ದೆ.

ನಡುವೆ ಬೇರೆಯದ್ದೂ ನೋಡಿದೆ. ತುಳು ಮಕ್ಕಳನ್ನೂ ಘಟ್ಟದ ಮಕ್ಕಳನ್ನೂ ಬೆರೆಸಿ ಕೂರಿಸಿದರೆ ಗೆಳೆತನ ಜಾಸ್ತಿಯಾಯಿತು, ಅಂಕ ಹಾಗೇ ಇತ್ತು. ಜುಲೈಯ ಮಳೆ ರಜೆಗೆ ಅಂತ ಹಾಳೆ ಮಾಡಿದ್ದೂ ಸುಮ್ನೆ, ಒಬ್ಬರೂ ಬಿಡಿಸಲಿಲ್ಲ.

ಗಣಿತದಲ್ಲಿ ಮೊದಲು ನೂರಕ್ಕೆ ಅರವತ್ತು ಮಕ್ಕಳು ಪಾಸಾಗುತ್ತಿದ್ದರು. ಈಗ ಎರಡು ಬ್ಯಾಚಿನಿಂದ ಎಂಬತ್ತೈದರ ಮೇಲಿದೆ. ಮದರಂಗಿಯ ಹುಡುಗಿ ಈಗ ಪಿಯುಸಿ ಕಾಮರ್ಸ್. ಹೆದರಿಸಿದವರಲ್ಲಿ ವಿಜ್ಞಾನದವರು ಹೋದ ವರ್ಷದಿಂದ ನನ್ನದೇ ಹಂಚಿಕೆ ಹಿಡಿದಿದ್ದಾರೆ. ಈಗ ಖರ್ಚು ಝೆರಾಕ್ಸಿನದ್ದು ಮಾತ್ರ, ವರ್ಷಕ್ಕೆ ಮೂರು ಸಾವಿರದೊಳಗೆ. ಅದನ್ನು ಹಳೆ ವಿದ್ಯಾರ್ಥಿಗಳು ಕೊಡುತ್ತಿದ್ದಾರೆ. ಬೋಟಿನವರ ಮಕ್ಕಳದ್ದು ಮಾತ್ರ ಇನ್ನೂ ಸರಿಯಾಗಿಲ್ಲ. ಎರಡು ತಿಂಗಳ ಪಾಠ ಒಂದು ವಾರದ ಬೆಂಚಿಗೆ ಹಿಡಿಯುವುದಿಲ್ಲ. ಈ ಆಗಸ್ಟಿಗೆ ಅವರಿಗೆ ಮೂರು ವಾರ ಕೊಟ್ಟು ನೋಡುತ್ತೇನೆ.